ನೀಲಿ ಸೀರೆ ಬಿಳಿಯಾದ ಆಷಾಢ

ಹೋದ ತಿಂಗಳು ಮೊಮ್ಮಗಳ ಮದುವೆಗೆ ಫೋಟೋದವನನ್ನು ಗೊತ್ತು ಮಾಡೋಣ ಅಂತ ಅವಳ ಜೊತೆ ಚಳ್ಳಕೆರೆ ಪೇಟೆಯ ಒಂದು ಸ್ಟುಡಿಯೋಕ್ಕೆ ಹೋಗಿದ್ದೆ. ಬೀದಿ ತುಂಬ ಎಣ್ಣೆ ಮಿಲ್ಲಿನ ಕಡಲೆಕಾಯಿ ಹಿಂಡಿಯ ವಾಸನೆ. ಒಳಗೆ ಕಾಲಿಟ್ಟರೆ ಅದೆಲ್ಲ ಹೋಗಿ, ಕರೀ ಪರದೆ ಹಿಂದಿನ ಕತ್ತಲೆ ಕೋಣೆಯಿಂದ ಮೂಗಿಗೆ ಚುಚ್ಚುವ ಔಷಧಿ ನೀರಿನ ವಾಸನೆ ಬಂತು. ನನ್ನ ಕಾಲುಗಳು ಅಲ್ಲೇ ನಿಂತುಬಿಟ್ಟವು. ಮೊಮ್ಮಗಳು, "ಯಾಕಜ್ಜಿ, ತಲೆ ಸುತ್ತುತ್ತಾ?" ಅಂತ ಕುರ್ಚಿ ಎಳೆದಳು. ಆಮೇಲೆ ಕಿವಿಯಲ್ಲಿ ಪಿಸುಗುಟ್ಟಿದಳು, "ಇವನು ಚೆನ್ನಾಗಿ ತೆಗೀತಾನಂತೆ. ಆದ್ರೆ ಸಿಕ್ಕಾಪಟ್ಟೆ ಪ್ರಶ್ನೆ ಕೇಳ್ತಾನೆ. ಮಂಟಪ ಯಾವ ದಿಕ್ಕಿಗೆ, ಸೀರೆ ಯಾವುದು, ಮುಹೂರ್ತ ಎಷ್ಟೊತ್ತಿಗೆ, ತಲೆ ತಿಂದುಬಿಡ್ತಾನೆ. ಬೇರೆಯವನನ್ನು ನೋಡೋಣ." "ಬಾಯಿ ಮುಚ್ಚಿಕೊಂಡು ಇವನಿಗೇ ವೀಳ್ಯ ಕೊಡು," ಅಂದೆ. ಅಷ್ಟು ಜೋರಾಗಿ ಅಂದೆನೋ ಏನೋ, ಪಾಪ, ಹುಡುಗಿ ಬೆಚ್ಚಿಬಿದ್ದಳು. ಅವಳಿಗೇನು ಗೊತ್ತು. ಪ್ರಶ್ನೆ ಕೇಳುವ ಫೋಟೋದವನನ್ನು ಬಾಗಿಲಿಂದ ಅಟ್ಟಿ ನಾವೆಲ್ಲ ಏನು ಅನುಭವಿಸಿದೆವು ಅಂತ ಇವತ್ತಿನವರಿಗೆ ಹೇಳಿದರೆ ನಗುತ್ತಾರೆ. ಆ ವರ್ಷ ನಾವು ಯಾರೂ ನಗಲಿಲ್ಲ.

ನನ್ನ ತವರು ಮೊಳಕಾಲ್ಮೂರು. ಅಪ್ಪ ರೇಷ್ಮೆ ಸೀರೆ ನೇಯುವವನು. ಮೊದಲ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇತ್ತು. ನನಗೆ ಹದಿನಾರು ತುಂಬಿತ್ತು. ಆ ಕಾಲಕ್ಕೆ ಅದು ಮದುವೆಯಿಲ್ಲದೆ ಮನೆಯಲ್ಲಿ ಕುಳಿತ ಹುಡುಗಿಯ ವಯಸ್ಸೇ. ಮಗ್ಗಕ್ಕೆ ನೂಲು ಸುತ್ತಿಕೊಡಲು ನನ್ನ ಬಿಟ್ಟರೆ ಅಪ್ಪನಿಗೆ ಬೇರೆ ಕೈ ಇರಲಿಲ್ಲ, ಅದಕ್ಕೇ ಮದುವೆ ಅಷ್ಟು ತಡ ಆಯಿತು. ಗಂಡು ಚಳ್ಳಕೆರೆಯದು. ಮಾವ ಚೌಡಪ್ಪನವರದು ಬಟ್ಟೆ ಅಂಗಡಿ, ಅಪ್ಪ ನೇಯ್ದ ಸೀರೆಗಳನ್ನು ಮಾರುತ್ತಿದ್ದವರೇ. ಒಳ್ಳೆ ಮನುಷ್ಯರು, ಸ್ವಲ್ಪ ಜಂಬ. ಬಳ್ಳಾರಿಯಲ್ಲಿ ಯಾವನೋ ಸಾಹುಕಾರನ ಮನೆ ಗೋಡೆಯ ಮೇಲೆ ಮದುವೆ ಫೋಟೋ ನೋಡಿಬಂದಿದ್ದರು. ಅವತ್ತಿನಿಂದ ಒಂದೇ ಜಪ. "ನನ್ನ ಮಗನ ಮದುವೆಗೂ ಪಟ ಹಿಡಿಸಬೇಕು." ಅತ್ತೆ ಬನಕ್ಕ, ಹಟಮಾರಿ ಹೆಂಗಸು, ಬೇಡವೇ ಬೇಡ ಅಂದರು. ಪಟ ತೆಗೆದರೆ ಆಯಸ್ಸು ಕಮ್ಮಿ ಆಗುತ್ತೆ ಅಂತ ಅವರ ತವರಿನಲ್ಲಿ ಹೇಳುತ್ತಿದ್ದರಂತೆ. ಮಾವ ಕೇಳಲಿಲ್ಲ.

ಮದುವೆಗೆ ಮುಂಚೆ ಬಳ್ಳಾರಿಯಿಂದ ನರಸಯ್ಯ ಅಂತ ಒಬ್ಬ ಫೋಟೋದವನನ್ನು ಮಾವ ನಮ್ಮ ಮನೆಗೆ ಕರೆದುಕೊಂಡು ಬಂದರು, ಜಾಗ ನೋಡಲಿ ಅಂತ. ಒಣಕಲು ಆಸಾಮಿ, ಮುಖದ ಮೇಲೆ ನಗು ಅನ್ನೋದು ಇಲ್ಲ, ಮಾತು ಅರ್ಧ ತೆಲುಗು. ಕೊಟ್ಟ ಮಜ್ಜಿಗೆಯನ್ನೂ ಮುಟ್ಟದೆ ಅಂಗಳದಲ್ಲಿ ನಿಂತು ಸೂರ್ಯನನ್ನೇ ನೋಡುತ್ತಿದ್ದ. ಚಪ್ಪರ ಎಲ್ಲಿ ಹಾಕ್ತೀರಿ, ಬಿಸಿಲಿಗೆ ಬಂದು ನಿಲ್ತಾರಾ, ಎಲ್ಲ ಕೇಳಿದ. ಬಾಗಿಲ ಸಂದಿಯಲ್ಲಿ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಕೊನೆಗೆ, "ಮದುಮಗಳು ಉಡೋ ಸೀರೆ ಯಾವ ಬಣ್ಣವಯ್ಯಾ?" ಅಂದ.

ಅಪ್ಪನ ಮುಖ ಕೆಂಪಾಯಿತು. ಮಾವ ಎದ್ದು ನಿಂತರು. "ಮನೆ ಹೆಣ್ಮಕ್ಕಳ ಸೀರೆ ಬಣ್ಣ ಕೇಳೋಕೆ ನೀನ್ಯಾವನಲೇ?"

ನರಸಯ್ಯ ಜಗ್ಗಲಿಲ್ಲ. "ಕೇಳಬೇಕು ಸ್ವಾಮಿ. ಇನ್ನೊಂದು ಮಾತು. ಪಟ ತೆಗೆಯೋ ಹೊತ್ತಿಗೆ ಹುಡುಗಿ ಮುಖಕ್ಕೆ ಅರಿಶಿಣ ಇರಬಾರದು. ತೊಳೆದು ಕಳಿಸಿ."

ಅಯ್ಯೋ, ಆವತ್ತು ಅವನಿಗೆ ಏಟು ಬೀಳಲಿಲ್ಲ ಅನ್ನೋದೇ ದೊಡ್ಡದು. ಮದುಮಗಳ ಮುಖದ ಅರಿಶಿಣ ತೊಳೆ ಅನ್ನೋದೇ! ಅವ್ವ ಒಳಗೆ ಎದೆ ಬಡಿದುಕೊಂಡಳು. ಅಪ್ಪ ಅವನ ಚೀಲ ಎತ್ತಿ ಬೀದಿಗೆ ಇಟ್ಟ. ಅವನು ಚೀಲ ಹೆಗಲಿಗೆ ಹಾಕಿಕೊಂಡು, "ಕೇಳದೆ ತೆಗೆಯೋರು ಬೇಕಾದಷ್ಟು ಜನ ಅವರೆ, ಹೋಗಿ ಕರೀರಿ," ಅಂತ ಹೊರಟೇಹೋದ.

ಅಂಥವನೇ ಸಿಕ್ಕ. ಚಿತ್ರದುರ್ಗದ ಕಡೆಯಿಂದ ಬಂದವನು. ಏನು ಮಾತು, ಏನು ಮಾತು! "ಸಾಹುಕಾರ್ರೇ, ನಿಮಗ್ಯಾಕೆ ಚಿಂತೆ, ನಾನಿದೀನಲ್ಲ" ಅಂತ ಮಾತಿಗೊಮ್ಮೆ ಕೈ ಮುಗಿಯುವನು. ಅರಮನೆ, ಕೊಳ, ಎರಡು ಹಂಸ ಬರೆದ ಒಂದು ಪರದೆ ತಂದಿದ್ದ. ಅದನ್ನು ನೋಡಿಯೇ ಮಾವ ಸೋತುಹೋದರು. ಬಣ್ಣ ಕೇಳಲಿಲ್ಲ, ಬಿಸಿಲು ಕೇಳಲಿಲ್ಲ, ಊಟ ಎಷ್ಟೊತ್ತಿಗೆ ಅಂತ ಮಾತ್ರ ಕೇಳಿದ.

ವೈಶಾಖದಲ್ಲಿ ಮದುವೆ ಆಯಿತು. ಧಾರೆ ಮುಗಿದ ಮೇಲೆ ಉಡಲು ಅಪ್ಪ ನನಗಾಗಿ ಒಂದು ಸೀರೆ ನೇಯ್ದಿದ್ದ. ಮಳೆ ನಿಂತ ಮೇಲಿನ ಆಕಾಶದ ನೀಲಿ, ಕೆಂಪು ಅಂಚು. ಕೆಂಪು, ಹಸಿರು ಎಲ್ಲರೂ ಉಡ್ತಾರೆ, ನನ್ನ ಮಗಳು ಇದನ್ನು ಉಡಲಿ ಅಂತ ಬಣ್ಣ ಹಾಕಿಸಲು ತಾನೇ ಕೂತು ಕಾದಿದ್ದನಂತೆ. ಅದನ್ನುಟ್ಟು, ಮುಖ ತುಂಬ ಅರಿಶಿಣ ಬಳಿಸಿಕೊಂಡು, ಹಣೆ ತುಂಬ ಕುಂಕುಮ ಇಟ್ಟುಕೊಂಡು, ನಮ್ಮನೆಯವರ ಪಕ್ಕ ಚಪ್ಪರದ ನೆರಳಲ್ಲಿ ಕುಳಿತೆ. ಕೊರಳಿಗೆ ಕೆಂಪು ಕಣಗಿಲೆ ಹಾರ, ಅದು ತಾಳಿಯನ್ನು ಮುಚ್ಚಿತ್ತು. ಬಿಸಿಲಿಗೆ ಮದುಮಕ್ಕಳನ್ನು ತರಬೇಡಿ, ದೃಷ್ಟಿ ಅಂತ ಹಿರಿಯರು ಹೇಳಿದ್ದಕ್ಕೆ ಆ ದುರ್ಗದವನು, "ನೆರಳೇ ಚೆಂದ" ಅಂದುಬಿಟ್ಟ. ನೆರಳಲ್ಲಿ ತೆಗೆಯುವಾಗ ತುಂಬ ಹೊತ್ತು ಅಲುಗಾಡದೆ ಕೂರಬೇಕು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಆಮೇಲೆ ಹೊರಗೆ ಬಂದು, "ಉಸಿರು ಬಿಡಬ್ಯಾಡಿ" ಅಂತ ಮುಚ್ಚಳ ತೆಗೆದ. ನಾನು ಕಲ್ಲಿನ ಹಾಗೆ ಕೂತಿದ್ದೆ. ಅಷ್ಟರಲ್ಲಿ ಹೋಮದ ಹೊಗೆ ಈ ಕಡೆ ತಿರುಗಿತು. ನಮ್ಮನೆಯವರು ಸೀನಿದರು. ಒಂದಲ್ಲ, ಮೇಲಿಂದ ಮೇಲೆ. ಇನ್ನೊಂದು ತೆಗೀಲಾ ಅಂತ ಅವನು ಕೇಳಲೂ ಇಲ್ಲ. ಪೆಟ್ಟಿಗೆ ಕಟ್ಟಿ ಪಂಕ್ತಿಗೆ ಹೋಗಿ ಕೂತ.

ಗಂಡನ ಮನೆಯಲ್ಲಿ ಸ್ವಲ್ಪ ದಿನ ಇದ್ದು, ಆಷಾಢ ಬಂತು ಅಂತ ತವರಿಗೆ ವಾಪಸು ಬಂದೆ. ಆಷಾಢದಲ್ಲಿ ಅತ್ತೆ ಸೊಸೆ ಒಂದು ಹೊಸ್ತಿಲು ದಾಟಬಾರದಲ್ಲ. ಶ್ರಾವಣ ಹುಟ್ಟಿದ ಮೇಲೆ ಅವರು ಬಂದು ಮಡಿಲು ತುಂಬಿ ಕರೆದುಕೊಂಡು ಹೋಗಬೇಕು, ಅದು ನಮ್ಮಲ್ಲಿ ಪದ್ಧತಿ. ನಮ್ಮ ಕಡೆ ಆಷಾಢ ಅಂದರೆ ಮಳೆಯಲ್ಲ, ಗಾಳಿ. ಗುಡ್ಡದ ಬಂಡೆಗಳ ಮಧ್ಯದಿಂದ ನುಗ್ಗಿ ಬಂದು, ಅನ್ನಕ್ಕೂ ಮಣ್ಣು, ಕಣ್ಣಿಗೂ ಮಣ್ಣು. ಮಗ್ಗದ ನೂಲಿನ ಮೇಲೆ ಧೂಳು ಕೂರುತ್ತೆ ಅಂತ ಅಪ್ಪ ಕಿಟಕಿಗೆಲ್ಲ ಕಂಬಳಿ ಕಟ್ಟಿ ಮಬ್ಬಿನಲ್ಲೇ ನೇಯುತ್ತಿದ್ದ. ಅಂಥ ಒಂದು ದಿನ ಮಾವ ಒಬ್ಬರೇ ಗಾಡಿ ಕಟ್ಟಿಕೊಂಡು ಬಂದರು. ನೀರು ಕುಡಿಯಲಿಲ್ಲ. ಕೂತ್ಕೊಳ್ರಿ ಅಂದರೂ ಕೂರಲಿಲ್ಲ. ಪಂಚೆಯಲ್ಲಿ ಸುತ್ತಿದ್ದ ಮದುವೆ ಪಟದ ರಟ್ಟನ್ನು ಮಗ್ಗದ ಹಲಗೆ ಮೇಲಿಟ್ಟು, "ನೋಡ್ರಿ ಬೀಗರೇ. ನನ್ನ ಹೆಂಡ್ತಿ ಇದನ್ನ ನೋಡಿ ಅನ್ನ ಬಿಟ್ಟು ಮಲಗವಳೆ," ಅಂದರು.

ನಾವು ನೋಡಿದೆವು.

ಸೀರೆ ಬಿಳಿ. ನನ್ನ ಆಕಾಶನೀಲಿ ಸೀರೆ, ಬೆಳ್ಳಗೆ. ಕೆಂಪು ಅಂಚು ಕರ್ರಗೆ, ಕೊರಳ ಹಾರ ಕರ್ರಗೆ. ಅರಿಶಿಣ ಬಳಿದ ನನ್ನ ಮುಖ ಕಪ್ಪಾಗಿತ್ತು, ಆ ಕಪ್ಪಿನಲ್ಲಿ ಕುಂಕುಮ ಎಲ್ಲಿದೆ ಅಂತ ಬೆರಳಿಟ್ಟು ಹುಡುಕಬೇಕು. ಬೋಳು ಹಣೆ, ಬಿಳಿ ಸೀರೆ, ತಾಳಿ ಕಾಣದ ಕೊರಳು. ಪಕ್ಕದಲ್ಲಿ ನಮ್ಮನೆಯವರು ಇರಬೇಕಾದ ಜಾಗದಲ್ಲಿ, ಎದೆಯಿಂದ ಮೇಲಕ್ಕೆ ಮನುಷ್ಯನೇ ಇಲ್ಲ. ಒಂದು ಹೊಗೆ. ಅದರ ಹಿಂದೆ ಆ ಹಾಳು ಹಂಸಗಳು ಮಾತ್ರ ಸ್ಪಷ್ಟವಾಗಿ ಕಾಣುತ್ತಿದ್ದವು.

ಅವ್ವ ಗೋಡೆ ಹಿಡಿದು ಕುಸಿದಳು. ಅಪ್ಪ, "ಅಲ್ರೀ ಬೀಗರೇ, ಸೀರೆ ನೀಲಿ ಇತ್ತು ಅಂತ ನೀವೇ ನೋಡೀರಲ್ಲ!" ಅಂದ.

"ನಾನು ನೋಡೀನಿ. ಊರೆಲ್ಲ ನೋಡೈತೆ. ಆದ್ರೆ ಅವಳು ಏನಂತಾಳೆ ಗೊತ್ತಾ? ನಮ್ಮ ಕಣ್ಣಿಗೆ ಈಗಿಂದು ಕಾಣ್ತೈತೆ, ಗಾಜಿಗೆ ಮುಂದಿಂದು ಕಾಣ್ತೈತೆ ಅಂತಾಳೆ. ಮಗನ ಆಯಸ್ಸಿನ ಮಾತು. ನಾನೇನು ಮಾಡ್ಲಿ?" ಮಾವ ಪಟವನ್ನು ಹಲಗೆ ಮೇಲೇ ಬಿಟ್ಟರು. ನನ್ನ ಕಡೆ ನೋಡದೆ ಗಾಡಿ ಹತ್ತಿದರು.

ಶ್ರಾವಣ ಇನ್ನು ದೂರ ಇರಲಿಲ್ಲ. ಬೀದಿಯಲ್ಲಿ ಸುದ್ದಿ ಬೇಗ ಹಬ್ಬಿತು. ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುವರು. ಎದುರಿಗೆ ಬಂದವರು ಗೋಡೆ ಪಕ್ಕಕ್ಕೆ ಸರಿಯುವರು. ಗಂಡ ಗಟ್ಟಿಮುಟ್ಟಾಗಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದಾನೆ, ಇಲ್ಲಿ ನನ್ನನ್ನು ಅವನನ್ನು ತಿಂದವಳು ಅನ್ನುವ ಹಾಗೆ ನೋಡುತ್ತಾರೆ! ಸಿಟ್ಟು ಬರುತ್ತಿತ್ತು, ಸಿಟ್ಟಿನ ಹಿಂದೆ ಅಳು. ಒಂದೊಂದು ಸಲ ನನಗೇ ಅನುಮಾನ. ಆ ಹೊಗೆ ನೋಡಿದ್ದು ಮನಸ್ಸಿನಿಂದ ಹೋಗುತ್ತಲೇ ಇರಲಿಲ್ಲ. ಆಮೇಲೆ ಪರಶುರಾಂಪುರದ ಸಂತೆಗೆ ಹೋಗಿ ಬಂದವರು ಇನ್ನೊಂದು ಮಾತು ತಂದರು. ಬನಕ್ಕ ಅಲ್ಲಿ ಮಗನಿಗೆ ಬೇರೆ ಹೆಣ್ಣು ವಿಚಾರಿಸುತ್ತಿದ್ದಾರೆ. ಅದನ್ನು ಕೇಳಿ ನಾನು ಮಗ್ಗದ ಮೂಲೆಯಲ್ಲಿ ಕೂತು, ಅನ್ನಕ್ಕೆ ಕರೆದರೂ ಏಳಲಿಲ್ಲ. ಅಪ್ಪ ಬಂದು ಪಕ್ಕದಲ್ಲಿ ಕುಳಿತ. "ಗಂಗೀ, ಆ ಬಳ್ಳಾರಿಯವನು ಬಣ್ಣ ಯಾಕೆ ಕೇಳಿದ ಮಗಾ?" ಅಂದ. ನನಗೆ ಹೇಗೆ ಗೊತ್ತಾಗಬೇಕು. "ನಾನು ಅವನ ಚೀಲ ಬೀದಿಗೆ ಇಟ್ಟೆನಲ್ಲ," ಅಂತ ಹಣೆ ಚಚ್ಚಿಕೊಂಡ. ಮಾರನೆ ದಿನವೇ ರಾಯದುರ್ಗದವರೆಗೆ ಗಾಡಿ, ಅಲ್ಲಿಂದ ರೈಲು ಹತ್ತಿ ಬಳ್ಳಾರಿಗೆ ಹೋದ.

ನರಸಯ್ಯ ಬಂದ. ಅಪ್ಪ ಅವನ ಕಾಲು ಹಿಡಿದನಂತೆ, ಅದನ್ನು ಅಪ್ಪ ಹೇಳಲಿಲ್ಲ, ನರಸಯ್ಯನೇ ಹೇಳಿದ. ಅದೇ ನಗು ಇಲ್ಲದ ಮುಖ. ಫೋಟೋ ಕೈಗೆ ತಗೊಂಡು ನೋಡಿ, ಹಲ್ಲು ಕಡಿದ. "ವಾಡೆವಡಯ್ಯಾ, ಯಾವನು ತೆಗೆದೋನು? ಕೈ ಮುರೀಬೇಕು." ಆಮೇಲೆ ಅಪ್ಪನ ಕಡೆ ತಿರುಗಿ ನಿಧಾನವಾಗಿ ಹೇಳಿದ. "ಈ ಗಾಜಿನ ಮೇಲೆ ಬಳಿದಿರೋ ಮದ್ದಿಗೆ ನಮ್ಮ ಕಣ್ಣು ಇಲ್ಲ. ಅದಕ್ಕೆ ನೀಲಿ ಅಂದ್ರೆ ಬೆಳಕು. ಕೆಂಪು, ಅರಿಶಿಣ ಅಂದ್ರೆ ಕತ್ತಲೆ. ನೀಲಿ ಎಲ್ಲ ಬೆಳ್ಳಗೆ, ಕೆಂಪೆಲ್ಲ ಕರ್ರಗೆ. ಅದಕ್ಕೇ ಬಣ್ಣ ಕೇಳಿದೆ. ಅದಕ್ಕೇ ಮುಖ ತೊಳೀರಿ ಅಂದೆ. ಹುಡುಗ ಅಲ್ಲಾಡಿದ, ಅದಕ್ಕೆ ಹೊಗೆ. ಇದರಾಗೆ ಶಕುನ ಇಲ್ಲ, ಸಾವು ಇಲ್ಲ. ಕೆಲಸ ಬಾರದೋನ ಕೆಲಸ, ಅಷ್ಟೇ."

ಅಪ್ಪ ನೇಕಾರ. ಬಣ್ಣದ ಮಾತು ಅವನಿಗೆ ಬೇಗ ಹೊಕ್ಕಿತು. ಅಟ್ಟದಿಂದ ನೂಲಿನ ಲಡಿಗಳನ್ನು ಇಳಿಸಿದ. ನನ್ನ ಸೀರೆಯಲ್ಲಿ ಮಿಕ್ಕ ನೀಲಿ ಒಂದು, ಅಂಚಿನ ಕೆಂಪು ಒಂದು, ಅರಿಶಿಣದ್ದು ಒಂದು, ಬಣ್ಣ ಕಾಣದ ಬಿಳಿ ಒಂದು. ಅಂಗಳದಲ್ಲಿ ಕೋಲು ಕಟ್ಟಿ ಸಾಲಾಗಿ ನೇತುಹಾಕಿದ. ಇದರ ಪಟ ತೆಗೆದು ಲಡಿಗಳ ಜೊತೆ ತೋರಿಸಿದರೆ ಬಟ್ಟೆ ವ್ಯಾಪಾರದವರಿಗೆ ಅರ್ಥ ಆಗದೇ ಇರುತ್ತಾ?

ಗಾಳಿ ಬಿಡಬೇಕಲ್ಲ. ಲಡಿಗಳು ನಿಲ್ಲವು, ಪೆಟ್ಟಿಗೆಯ ಮೂರು ಕಾಲೂ ನಡುಗುತ್ತಿದ್ದವು. ಮೋಡ ಬಂದು ಬಂದು ಬಿಸಿಲನ್ನು ಮುಚ್ಚುತ್ತಿತ್ತು. ಒಂದು ಗಾಜಿಗೆ ಧೂಳು ಕೂತು ಹಾಳಾಯಿತು. ನರಸಯ್ಯ ಬೈಯುತ್ತ ಬೈಯುತ್ತ ದಿನಗಟ್ಟಲೆ ನಮ್ಮ ಜಗಲಿ ಮೇಲೆ ಗಾಳಿ ಇಳಿಯಲಿ ಅಂತ ಕಾದ. ಕಂಬಳಿ ಕಟ್ಟಿದ ಮಗ್ಗದ ಕೋಣೆಯೇ ಅವನ ಕತ್ತಲೆ ಕೋಣೆ ಆಯಿತು. ಮನೆಯೆಲ್ಲ ಆ ಔಷಧಿ ನೀರಿನ ವಾಸನೆ. ಅನ್ನಕ್ಕೆ, ಬಟ್ಟೆಗೆ, ನನ್ನ ಕೂದಲಿಗೆ ಅದೇ. ಕೊನೆಗೂ ಪಟ ಬಂತು. ನೀಲಿ ಲಡಿ ಬಿಳಿ ಲಡಿಯ ಪಕ್ಕ ಅದರ ತಂಗಿ ಹಾಗೆ ಬೆಳ್ಳಗೆ ನಿಂತಿತ್ತು. ಕೆಂಪೂ ಅರಿಶಿಣವೂ ಇದ್ದಿಲ ಹಾಗೆ. ನಾನು ಅದನ್ನು ನೋಡಿ ಜೋರಾಗಿ ಅತ್ತುಬಿಟ್ಟೆ, ಖುಷಿಗೆ. ಎಲ್ಲ ಮುಗಿಯಿತು ಅಂದುಕೊಂಡೆ.

ಅಪ್ಪ ಲಡಿ, ಪಟ ಎರಡನ್ನೂ ಎದೆಗೆ ಕಟ್ಟಿಕೊಂಡು ಚಳ್ಳಕೆರೆಗೆ ಹೋದ. ವಾಪಸು ಬಂದವನ ನಡಿಗೆ ನೋಡಿಯೇ ನಮಗೆ ಗೊತ್ತಾಯಿತು. ಮಾವನಿಗೆ ಅರ್ಥ ಆಯಿತಂತೆ. ಲಡಿ ತಿರುಗಿಸಿ ತಿರುಗಿಸಿ ನೋಡಿ, "ಗಾಜಿನ ದೋಷ ಕಣೇ, ಹುಡುಗೀದಲ್ಲ" ಅಂದರಂತೆ. ನಮ್ಮನೆಯವರು ಕಂಬದ ಹತ್ತಿರ ನಿಂತು ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದರಂತೆ. ಬನಕ್ಕ ಲಡಿಗಳನ್ನು ಅಪ್ಪನ ಕಡೆ ತಳ್ಳಿ, "ನೂಲಿಗೆ ಗಂಡ ಇದಾನಾ? ತಾಳಿ ಐತಾ? ನೂಲು ಬೆಳ್ಳಗಾದ್ರೆ ಯಾರ ಮನೆ ಹಾಳಾಗ್ತೈತೆ? ಒಬ್ಬ ಮುತ್ತೈದೆ ಹಿಂಗೆ ಬೆಳ್ಳಗೆ ಕಂಡು, ಅವಳ ಗಂಡ ಪಕ್ಕದಾಗೆ ನಿಂತಿರೋದು ತೋರಿಸ್ರಿ. ಯಾವಳು ಕೂರ್ತಾಳೆ ಕರ್ಕೊಂಡು ಬನ್ರಿ ನೋಡಾನ!" ಅಂದರಂತೆ.

ಯಾವಳು ಕೂರುತ್ತಾಳೆ? ಚಿಕ್ಕಮ್ಮನನ್ನು ಕೇಳಿದೆವು, ಅವಳು ಬಾಗಿಲು ಹಾಕಿಕೊಂಡಳು. ಪಕ್ಕದ ಮನೆಯವಳು, ನನ್ನನ್ನು ಎತ್ತಿ ಆಡಿಸಿದವಳು, "ನನಗೂ ಮಕ್ಕಳಿದಾವೆ ಗಂಗೀ, ತಪ್ಪು ತಿಳ್ಕೋಬ್ಯಾಡ" ಅಂತ ಅತ್ತಳು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ನನ್ನನ್ನು ಯಾರಾದರೂ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನರಸಯ್ಯ ಪೆಟ್ಟಿಗೆ ಕಟ್ಟತೊಡಗಿದ. ಅವನಿಗೂ ಮನೆ ಇತ್ತಲ್ಲ, ಎಷ್ಟು ದಿನ ಇರುತ್ತಾನೆ.

ಅವ್ವ ಬಾವಿ ಕಡೆಯಿಂದ ಬಂದಳು. ನನ್ನವ್ವ ಹೇಗೆ ಅಂದರೆ, ಬೆಕ್ಕು ಅಡ್ಡ ಬಂದರೆ ಕೊಡ ಇಳಿಸಿ ಕೂತುಬಿಡುವವಳು. ಅಪ್ಪ ಒಂದು ಸಲ ಕೆಮ್ಮಿದರೆ ಮಾರಮ್ಮನಿಗೆ ಹರಕೆ ಹೊರುವವಳು. ಆ ಫೋಟೋ ಬಂದಾಗಿನಿಂದ ಅದನ್ನು ಮುಟ್ಟಿರಲಿಲ್ಲ. ಕೊಡ ಇಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು, "ಗಂಗೀ, ಆ ನೀಲಿ ಸೀರೆ ತಗೊಂಬಾ," ಅಂದಳು.

ಯಾಕೆ ಅಂತ ಅಪ್ಪನಿಗೆ ಮೊದಲು ಹೊಳೆಯಿತು. "ಏ ಈರೀ, ಬ್ಯಾಡ," ಅಂದ.

"ನೀವು ಸುಮ್ಕಿರ್ರಿ."

"ನಿನಗೆ ಭಯ ಆಗ್ತೈತೆ, ನನಗೆ ಗೊತ್ತಿಲ್ವಾ?"

"ಆಗ್ತೈತೆ. ಯಾರಿಗೆ ಆಗಲ್ಲ? ನೀವು ನನ್ನ ಪಕ್ಕ ನಿಲ್ತೀರೋ ಇಲ್ವೋ, ಅದನ್ನ ಹೇಳ್ರಿ."

ಅಪ್ಪ ಒಳಗೆ ಹೋಗಿ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿಕೊಂಡು ಬಂದು ಬಿಸಿಲಲ್ಲಿ ನಿಂತ. ನಾನು ಸೀರೆ ತಂದೆ. ನೆರಿಗೆ ಹಿಡಿಯುತ್ತ ಅರ್ಧಕ್ಕೇ ನಿಲ್ಲಿಸಿದೆ. "ಬ್ಯಾಡವ್ವಾ," ಅಂದೆ. "ನಾನು ಇಲ್ಲೇ ಇರ್ತೀನಿ. ನೂಲು ಸುತ್ತಿಕೊಂಡು ನಿಮ್ಮ ಜೊತೆ ಇರ್ತೀನಿ. ನನಗೆ ಆ ಮನೆ ಬ್ಯಾಡ." ಅವ್ವ ನನ್ನ ಕೈ ತೆಗೆದು ತಾನೇ ನೆರಿಗೆ ಹಿಡಿದಳು. "ನಿನ್ನ ನೋಡಿ ಹೆಂಗಸರು ಗೋಡೆ ಪಕ್ಕಕ್ಕೆ ಸರೀತಾರೆ. ನಾನು ಸತ್ತ ಮೇಲೂ ಸರೀತಾರೆ. ಸುಮ್ನೆ ಸೆರಗು ಹಿಡಿ."

ಸೀರೆ ಉಟ್ಟು ಮುಖಕ್ಕೆ ಅರಿಶಿಣ ಹಚ್ಚಿಕೊಂಡಳು, ದೊಡ್ಡದಾಗಿ ಕುಂಕುಮ ಇಟ್ಟುಕೊಂಡಳು. ಎಲ್ಲ ನನಗೆ ಇದ್ದ ಹಾಗೇ ಇರಬೇಕು ಅಂತ ಅವಳ ಲೆಕ್ಕ. ಆಗ ಆ ಒಣಕಲು ನರಸಯ್ಯ ಏನು ಮಾಡಿದ ಅಂದರೆ, ಕ್ಯಾಮರಾ ಬಿಟ್ಟು ಬಂದು ಅವ್ವನ ಮುಂದೆ ಕೈ ಮುಗಿದ. "ತಲ್ಲೀ, ತಾಯೀ, ಏನೂ ಆಗಲ್ಲ. ನನ್ನ ಮಕ್ಕಳಾಣೆ." ಅವ್ವ ತಲೆ ಆಡಿಸಿದಳು. ನಂಬಿದ ತಲೆ ಆಡಿಸೋದಲ್ಲ ಅದು. ಬೇಗ ಮುಗಿಸು ಅನ್ನೋದು.

ಬಯಲಲ್ಲಿ ಗಾಳಿ ಜಾಸ್ತಿ ಅಂತ ಗೋಡೆ ಮರೆಗೆ, ಆದರೆ ಬಿಸಿಲು ನೇರ ಬೀಳುವ ಕಡೆ ಅವಳನ್ನು ಕೂರಿಸಿದರು. ಪೆಟ್ಟಿಗೆಯ ಕಾಲುಗಳಿಗೆ ಅಪ್ಪ ಬೀಸುವ ಕಲ್ಲು, ರುಬ್ಬುವ ಗುಂಡು ಎಲ್ಲ ತಂದು ಕಟ್ಟಿದ. ಅವಳ ಹಿಂದೆ ನಿಂತು ಎಲ್ಲಿ ಕೈ ಇಡಬೇಕು ಅಂತ ಗೊತ್ತಾಗದೆ ಒದ್ದಾಡಿದ. ಊರ ಮುಂದೆ ಹೆಂಡತಿ ಪಕ್ಕ ಹಾಗೆ ನಿಂತ ಗಂಡಸರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಗೋಡೆಯಾಚೆ ಜನ ಸೇರಿದ್ದರು. ನರಸಯ್ಯ ಬಟ್ಟೆಯೊಳಗಿಂದ ಹೊರಬಂದು ಮುಚ್ಚಳಕ್ಕೆ ಕೈ ಹಾಕಿದ. ಅವ್ವ ಕ್ಯಾಮರಾದ ಆ ಗಾಜಿನ ಕಣ್ಣನ್ನು ದಿಟ್ಟಿಸಿ ನೋಡುತ್ತಿದ್ದಳು. ರೆಪ್ಪೆ ಬಡಿಯಲಿಲ್ಲ. ಕಣ್ಣಿಂದ ನೀರು ಅದರ ಪಾಡಿಗೆ ಇಳಿಯಿತು. ಒರೆಸಿಕೊಂಡರೆ ಅಲುಗಾಡಿದಂತಾಗುತ್ತೆ ಅಂತ ಕೈ ಎತ್ತಲಿಲ್ಲ. ಅಪ್ಪ ಉಸಿರೇ ಬಿಡುತ್ತಿರಲಿಲ್ಲ. ನಾನು ಕಂಬ ತಬ್ಬಿಕೊಂಡು, ತಾಯಿ ಚೌಡವ್ವಾ, ಇವರಿಬ್ಬರಿಗೂ ಏನೂ ಮಾಡಬೇಡ, ಬೇಕಾದರೆ ನನ್ನನ್ನು ತಗೋ ಅಂತ ಬೇಡಿಕೊಳ್ಳುತ್ತಿದ್ದೆ. ಮುಚ್ಚಳ ವಾಪಸು ಬಿತ್ತು. "ಆಯ್ತು ತಲ್ಲೀ," ಅಂದ. ಅವ್ವ ಎದ್ದವಳೇ ಅಪ್ಪನ ಎದೆ ಮೇಲೆ ಅಂಗೈ ಇಟ್ಟು ನೋಡಿದಳು, ಎಲ್ಲರ ಮುಂದೆ.

ಪಟದಲ್ಲಿ ಅವ್ವ ಬಿಳಿ ಸೀರೆ ಉಟ್ಟ ವಿಧವೆ. ಹಣೆ ಬೋಳು. ಹಿಂದೆ ಅಪ್ಪ, ಮೀಸೆಯ ಒಂದೊಂದು ಕೂದಲೂ ಕಾಣುವ ಹಾಗೆ.

ಶ್ರಾವಣ ಹುಟ್ಟಿದ ಮೇಲೆ ಮೂವರೂ ಗಾಡಿ ಕಟ್ಟಿಕೊಂಡು ಚಳ್ಳಕೆರೆಗೆ ಹೋದೆವು. ಕರೆಯದೆ ಹೋಗುವುದು ಅವಮಾನ, ಆದರೆ ಮಾನ ಅವಮಾನ ಎಲ್ಲ ದಾಟಿ ಬಂದಿದ್ದೆವು. ಅಂಗಡಿ ಹಿಂದಿನ ಮನೆ. ಅತ್ತೆ ಬಾಗಿಲಲ್ಲೇ ನಿಂತರು, ಒಳಗೆ ಬನ್ನಿ ಅನ್ನಲಿಲ್ಲ. ಅವ್ವ ಆ ನೀಲಿ ಸೀರೆಯನ್ನೇ ಉಟ್ಟು ಬಂದಿದ್ದಳು. ಪಟ ಕೊಟ್ಟಳು. ಅತ್ತೆ ಪಟ ನೋಡಿದರು, ಸೀರೆ ನೋಡಿದರು, ಅಪ್ಪನನ್ನು ನೋಡಿದರು. ಮತ್ತೆ ಪಟ ನೋಡಿದರು.

"ಬೆಳ್ಳಗೆ ಬರ್ತೈತೆ ಅಂತ ಮೊದ್ಲೇ ಗೊತ್ತಿತ್ತೇನ್ರಿ ಬೀಗತೀ?"

"ಗೊತ್ತಿತ್ತು."

"ಗೊತ್ತಿದ್ದೂ ಗಂಡನ್ನ ಪಕ್ಕ ನಿಲ್ಲಿಸಿಕೊಂಡ್ರಾ?"

"ನಿಲ್ಲಿಸಿಕೊಂಡೆ."

"ಹೆದರಿಕೆ ಆಗ್ಲಿಲ್ವಾ?"

"ಈಗಲೂ ಐತೆ," ಅಂದಳು ಅವ್ವ. "ಬರೋ ದಾರಿಯಾಗೆ ಗಾಡಿ ಕುಲುಕಿದಾಗೆಲ್ಲ ಐತೆ."

ಅತ್ತೆಯ ಗಂಟುಮುಖ ಸಡಿಲ ಆಯಿತು. ಹೊಸ್ತಿಲ ಮೇಲೆ ಕುಸಿದು ಕೂತರು. "ನನಗೂ ಅದೇ ಕಣ್ರೀ. ಇರೋನು ಒಬ್ಬ ಮಗ. ಆ ಹೊಗೆ ನೋಡಿದಾಗಿಂದ ಅವನು ಅಂಗಡಿಯಿಂದ ಬರೋ ತನಕ ನಾನು ಬಾಗಿಲು ಬಿಟ್ಟು ಅಲ್ಲಾಡಲ್ಲ. ಗಾಜಿನ ಮಾತು, ಬಣ್ಣದ ಮಾತು ನನಗೆ ತಿಳಿಯಲ್ಲ, ಇನ್ನೂ ನಂಬಿಕೆ ಇಲ್ಲ. ಆದ್ರೆ ಇಂಥ ತಾಯಿ ಹೊಟ್ಟೆಯಾಗೆ ಹುಟ್ಟಿದೋಳನ್ನ ಬಾಗಿಲಿಂದ ತಿರುಗಿಸಿ ಕಳಿಸಿದ್ರೆ ನನ್ನ ಮನೆಗೆ ಒಳ್ಳೇದಾಗಲ್ಲ." ಎದ್ದು ಒಳಗಿಂದ ಕುಂಕುಮದ ಭರಣಿ ತಂದು ಮೊದಲು ಅವ್ವನ ಹಣೆಗೆ ಇಟ್ಟರು, ಆಮೇಲೆ ನನಗೆ.

ಆವತ್ತೇ ಮಡಿಲು ತುಂಬಿ ನನ್ನನ್ನು ಉಳಿಸಿಕೊಂಡರು. ಸಂಜೆ ಮುಂಚೆ ಅವ್ವ ಅಪ್ಪ ಗಾಡಿ ಹತ್ತಿದರು. ಹೆಣ್ಣು ಬಿಟ್ಟು ಹೋಗುವ ತಾಯಿ ಹೇಗೆ ಅಳುತ್ತಾಳೆ ಅಂತ ನಾನು ಬೀದಿಯಲ್ಲಿ ಎಷ್ಟೋ ಸಲ ನೋಡಿದ್ದೆ. ನನ್ನವ್ವನೂ ಹಾಗೇ ಅಳುತ್ತಾಳೆ ಅಂತ ಕಾದೆ. "ಅವ್ವಾ," ಅಂತ ಕೂಗಿದೆ. ಅವಳು ತಿರುಗಲಿಲ್ಲ. ಅಪ್ಪನ ಕಿವಿ ಮುಚ್ಚುವ ಹಾಗೆ ರುಮಾಲು ಎಳೆದು ಕಟ್ಟುತ್ತಿದ್ದಳು. "ಗಾಳಿ ಐತೆ, ಮುಚ್ಕೊಳ್ರಿ" ಅನ್ನುತ್ತಿದ್ದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಅವನ ಮುಖವನ್ನೇ ನೋಡುತ್ತಿದ್ದಳು.

ಅಲ್ಲಿಂದ ಮುಂದೆ ಅವಳ ಬದುಕು ಅದೇ ಆಯಿತು. ನಾನು ತವರಿಗೆ ಹೋದಾಗೆಲ್ಲ ನೋಡಿದ್ದೇನೆ. ಮಗ್ಗದ ಸದ್ದು ನಿಂತರೆ ಅಡುಗೆ ಬಿಟ್ಟು ಓಡುವಳು. ಅಪ್ಪ ಮಲಗಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿಯುವಳು. ಅಪ್ಪ ಬೈಯುತ್ತಿದ್ದ, ನಗುತ್ತಿದ್ದ, ಆಮೇಲೆ ಸುಮ್ಮನಾದ. ನನಗೆ ಮಕ್ಕಳಾದವು, ಅವಕ್ಕೂ ಮದುವೆ ಆಯಿತು. ಅಪ್ಪ ಮುದುಕನಾಗಿ, ಹಲ್ಲೆಲ್ಲ ಬಿದ್ದು, ಕಣ್ಣು ಮಂಜಾಗಿ, ಒಂದು ಬೆಳಿಗ್ಗೆ ಜಗಲಿ ಮೇಲೆ ಬಿಸಿಲು ಕಾಯಿಸುತ್ತ ಕೂತವನು ಹಾಗೇ ಹೋದ. ನಾನು ಹೋದಾಗ ಅವ್ವ ಮೂಲೆಯಲ್ಲಿದ್ದಳು. ನನ್ನ ಕೈ ಹಿಡಿದು, "ಆ ಗಾಜು ಕೊನೆಗೂ ತಗೊಂಡುಬಿಡ್ತು ನೋಡೇ," ಅಂದಳು.

"ಅವ್ವಾ, ಅಪ್ಪ ಪೂರ್ತಿ ಆಯಸ್ಸು ಮುಗಿಸಿ ಹೋದ್ರು! ಮರಿಮೊಮ್ಮಗನ್ನ ತೊಡೆ ಮೇಲೆ ಆಡಿಸಿ ಹೋದ್ರು! ಇನ್ನೂ ಆ ಗಾಜಿನ ಮಾತು ಆಡ್ತೀಯಲ್ಲ?"

ಅವಳಿಗೆ ನನ್ನ ಮಾತು ಕೇಳಿಸಿತೋ ಇಲ್ಲವೋ. ನನ್ನ ಹಣೆಯ ಕುಂಕುಮವನ್ನೇ ನೋಡಿದಳು.

"ಆದ್ರೂ ಆ ಗಾಜಿನ ಮುಂದೆ ಕೂರ್ತಿದ್ದೆ ಬಿಡು," ಅಂದಳು. "ಈಗ ಕೂರು ಅಂದ್ರೂ ಕೂರ್ತೀನಿ. ಪಕ್ಕದಾಗೆ ನಿಲ್ಲೋಕೆ ಅವರೇ ಇಲ್ವಲ್ಲೇ, ಗಂಗೀ."